ಪಾಲಿಸಿ ಬರೆಯೋ ಮುಂಚೆ ಹಳೇ ಕಡತ ಬಿಚ್ಚಿ: ಇತಿಹಾಸನ ನೀತಿ ರೂಪಿಸೋಕೆ ಬಳಸ್ಕೊಳ್ಳೋ ಸಮಗ್ರ ಮಾರ್ಗದರ್ಶಿ

1976ರ ಫೆಬ್ರವರಿ. ಅಮೆರಿಕದ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಅನ್ನೋ ಸೇನಾ ಶಿಬಿರದಲ್ಲಿ ಒಬ್ಬ ಯುವ ಸೈನಿಕ ಫ್ಲೂ ಬಂದು ತೀರ್ಕೊಂಡ. ಲ್ಯಾಬಲ್ಲಿ ನೋಡಿದ್ರೆ ಹಂದಿಜ್ವರದ ವೈರಸ್. 1918ರ ಮಹಾಮಾರಿಗೆ ಇದೇ ಜಾತಿ ವೈರಸ್ ಕಾರಣ ಅಂತ ಆಗ ತಜ್ಞರು ನಂಬಿದ್ರು, ಅಷ್ಟು ಸಾಕಾಯ್ತು. ಮಾರ್ಚ್ 24ಕ್ಕೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಇಡೀ ದೇಶಕ್ಕೆ ಲಸಿಕೆ ಹಾಕ್ಸ್ತೀವಿ ಅಂತ ಘೋಷಿಸಿದ್ರು, ಸಂಸತ್ತು 13.5 ಕೋಟಿ ಡಾಲರ್ ಕೊಡ್ತು, ಅಕ್ಟೋಬರಲ್ಲಿ ಸೂಜಿ ಶುರುವಾಗಿ ಡಿಸೆಂಬರ್ ಮಧ್ಯದೊಳಗೆ 4 ಕೋಟಿಗಿಂತ ಜಾಸ್ತಿ ಜನ ಹಾಕಿಸ್ಕೊಂಡ್ರು, ಆದ್ರೆ ರೋಗ ಮಾತ್ರ ಬರಲೇ ಇಲ್ಲ. ಬದಲಿಗೆ ಲಸಿಕೆ ತಗೊಂಡ ಕೆಲವರಿಗೆ ಗಿಲ್ಯಾನ್ ಬಾರೆ ಅನ್ನೋ ನರದ ಕಾಯಿಲೆ ಕಾಣಿಸ್ಕೊಂಡು ಡಿಸೆಂಬರ್ 16ಕ್ಕೆ ಇಡೀ ಕಾರ್ಯಕ್ರಮನೇ ನಿಲ್ಲಿಸಬೇಕಾಯ್ತು.

ಇವರು ಇತಿಹಾಸ ಓದಿರಲಿಲ್ಲ ಅಂತ ಹೇಳೋಕಾಗಲ್ಲ ನೋಡಿ. ಓದಿದ್ರು, ಆದ್ರೆ ಒಂದೇ ಪುಟ ಓದಿದ್ರು. 1957ರಲ್ಲಿ, 1968ರಲ್ಲಿ ಕೂಡ ಫ್ಲೂ ಮಹಾಮಾರಿ ಬಂದಿತ್ತು, 1918ಕ್ಕೆ ಹೋಲಿಸಿದ್ರೆ ಅವು ತುಂಬ ಸೌಮ್ಯ, ಆದ್ರೆ ಸೌಮ್ಯವಾದ ನೆನಪನ್ನ ಯಾರೂ ಮೀಟಿಂಗಿಗೆ ತರಲ್ಲ. ಮುಂದಿನ ವರ್ಷ ಬಂದ ಹೊಸ ಆರೋಗ್ಯ ಕಾರ್ಯದರ್ಶಿ ಜೋಸೆಫ್ ಕ್ಯಾಲಿಫಾನೋ ಇದೆಲ್ಲ ಹೇಗಾಯ್ತು ಅಂತ ಪತ್ತೆ ಮಾಡಿ ಅಂತ ಹಾರ್ವರ್ಡ್‌ನ ರಿಚರ್ಡ್ ನ್ಯೂಸ್ಟಾಟ್ ಅವರಿಗೆ ಹೇಳಿದ್ರು. ಅದೇ ನ್ಯೂಸ್ಟಾಟ್ ಮತ್ತೆ ಇತಿಹಾಸಕಾರ ಅರ್ನೆಸ್ಟ್ ಮೇ ಸೇರ್ಕೊಂಡು ಅಧಿಕಾರಿಗಳಿಗೆ ಇತಿಹಾಸನ ಕೆಲಸಕ್ಕೆ ಹಚ್ಚೋದು ಹೇಗೆ ಅಂತ ವರ್ಷಗಟ್ಟಲೆ ಕ್ಲಾಸ್ ತಗೊಂಡ್ರು. ಕೆಳಗಿರೋ ಹಂತಗಳಲ್ಲಿ ಅರ್ಧದಷ್ಟು ಅವರ ಕ್ಲಾಸಿಂದ ಬಂದದ್ದು, ಮಿಕ್ಕಿದ್ದು ನಾನೇ ಎಡವಿ ಕಲ್ತದ್ದು.

ಯಾರಿಗೆ ಇದು? ಕರಡು ನೀತಿ ಬರೆಯೋರಿಗೆ, ಜನಪ್ರತಿನಿಧಿಗೆ ನೋಟ್ ರೆಡಿ ಮಾಡೋರಿಗೆ, ಎನ್‌ಜಿಓಲಿ ಕೂತು ಸರ್ಕಾರಕ್ಕೆ ಸಲಹೆ ಕಳ್ಸೋರಿಗೆ, ಪಬ್ಲಿಕ್ ಪಾಲಿಸಿ ಓದ್ತಿರೋ ಹುಡುಗ್ರಿಗೆ. ಇತಿಹಾಸದಲ್ಲಿ ಡಿಗ್ರಿ ಬೇಕಿಲ್ಲ. ಒಂದು ವಾರ ಟೈಮ್ ಇದ್ರೆ ಚೆನ್ನಾಗಿ ಮಾಡ್ಬಹುದು, ಒಂದೇ ದಿನ ಇದ್ರೆ ಹಂತ 1, 2, 5 ಮಾತ್ರ ಮಾಡಿ, ಅದೂ ಇಲ್ಲ ಅಂದ್ರೆ ಹಂತ 1 ಒಂದನ್ನಾದ್ರೂ ಬಿಡ್ಬೇಡಿ.

ಹಂತ 1: "ಸಮಸ್ಯೆ ಏನು" ಅನ್ನೋದು ಆಮೇಲೆ, "ಕಥೆ ಏನು" ಅಂತ ಮೊದ್ಲು ಕೇಳಿ

ಮೀಟಿಂಗಲ್ಲಿ ಸಮಸ್ಯೆ ಏನು ಅಂತ ಕೇಳಿದ ತಕ್ಷಣ ಪ್ರತಿಯೊಬ್ರೂ ತಮ್ಮ ಜೇಬಲ್ಲಿರೋ ಪರಿಹಾರಕ್ಕೆ ಒಪ್ಪೋ ಥರ ಸಮಸ್ಯೆನ ಹೇಳ್ತಾರೆ. ಎಂಜಿನಿಯರ್‌ಗೆ ಅದು ಪೈಪಿನ ಸಮಸ್ಯೆ, ಲಾಯರ್‌ಗೆ ಕಾಯ್ದೆ ಸಮಸ್ಯೆ, ಹಣಕಾಸಿನವರಿಗೆ ಸಬ್ಸಿಡಿ ಸಮಸ್ಯೆ. "ಇದು ಯಾವಾಗ ಶುರುವಾಯ್ತು, ಆಮೇಲೆ ಏನೇನಾಯ್ತು" ಅಂತ ಕೇಳಿದ್ರೆ ಮಾತಿನ ಧಾಟಿನೇ ಬದಲಾಗತ್ತೆ, ಯಾಕಂದ್ರೆ ತಾರೀಖಿಗೆ ಇಲಾಖೆ ಇರಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ಹಾಳೆ ತಗೊಂಡು ತಾರೀಖಿನ ಪಟ್ಟಿ ಮಾಡೋದು. ಎಷ್ಟು ಹಿಂದಕ್ಕೆ ಹೋಗ್ಬೇಕು? ಈ ವಿಷಯದ ಬಗ್ಗೆ ಸರ್ಕಾರ ಮೊದಲ ಸಲ ಬಾಯಿ ಬಿಟ್ಟಿದ್ದು ಯಾವಾಗ್ಲೋ ಅಲ್ಲಿವರೆಗೆ, ಸಾಧ್ಯ ಆದ್ರೆ ಅದಕ್ಕೂ ಸ್ವಲ್ಪ ಹಿಂದಕ್ಕೆ. ಸೀಸ ಬೆರೆಸಿದ ಪೆಟ್ರೋಲಿನ ಕಥೆನೇ ಮಾದರಿಗೆ ತಗೊಳ್ಳಿ:

1921 ಡಿಸೆಂಬರ್: ಪೆಟ್ರೋಲಿಗೆ ಟೆಟ್ರಾ ಈಥೈಲ್ ಲೆಡ್ ಅನ್ನೋ ಸೀಸದ ಸಂಯುಕ್ತ ಹಾಕಿದ್ರೆ ಎಂಜಿನ್ ಟಕ್ ಟಕ್ ಅಂತ ಬಡಿಯೋದು (ನಾಕಿಂಗ್) ನಿಲ್ಲತ್ತೆ ಅಂತ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಹಿಡಿದ.
1923: ಬಂಕಲ್ಲಿ ಮಾರಾಟ ಶುರು.
1924 ಅಕ್ಟೋಬರ್: ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಅದನ್ನ ತಯಾರಿಸ್ತಿದ್ದ 5 ಕಾರ್ಮಿಕರು ಸತ್ರು.
1925 ಮೇ: ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥರಾದ ಸರ್ಜನ್ ಜನರಲ್ ಸಭೆ ಕರೆದ್ರು, ಮಾರಾಟಕ್ಕೆ ತಡೆ.
1926: ನಿಷೇಧ ಮಾಡೋಕೆ ಸಾಕಷ್ಟು ಆಧಾರ ಇಲ್ಲ, ಆದ್ರೆ ಅಧ್ಯಯನ ಮುಂದುವರೀಲಿ ಅಂತ ಸಮಿತಿ ವರದಿ. ಮಾರಾಟ ಮತ್ತೆ ಶುರು.
1965: ಪರಿಸರದಲ್ಲಿರೋ ಸೀಸದಲ್ಲಿ ಬಹುಪಾಲು ಮನುಷ್ಯರೇ ಸೇರಿಸಿದ್ದು ಅಂತ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಬರೆದ್ರು.
1973: ಹಂತ ಹಂತವಾಗಿ ಇಳಿಸೋ ನಿಯಮ.
1996: ಅಮೆರಿಕದ ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧ.
2021: ಕೊನೇದಾಗಿ ಅಲ್ಜೀರಿಯಾ ಮಾರಾಟ ನಿಲ್ಲಿಸ್ತು.

ಈಗ ಈ ಪಟ್ಟಿನ ಸುಮ್ನೆ ಮೇಲಿಂದ ಕೆಳಗೆ ಓದ್ಕೊಂಡು ಹೋಗ್ಬೇಡಿ, ಎಲ್ಲಿ ದೊಡ್ಡ ಗ್ಯಾಪ್ ಇದೆ ಅಂತ ನೋಡಿ. 1926ರಿಂದ 1965. ಸುಮಾರು 40 ವರ್ಷ. ಅಷ್ಟು ದಿನ ಏನಾಗ್ತಿತ್ತು? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಸಮಿತಿ "ಅಧ್ಯಯನ ಮುಂದುವರೀಲಿ" ಅಂತ ಬರೆದಿತ್ತಲ್ಲ, ಆ ಅಧ್ಯಯನನ ಮುಖ್ಯವಾಗಿ ಮಾಡಿದ್ದು ಸೀಸ ಮಾರೋ ಉದ್ದಿಮೆಯವರ ದುಡ್ಡಲ್ಲಿ ರಾಬರ್ಟ್ ಕೀಹೋ ಅನ್ನೋ ವಿಜ್ಞಾನಿ. ಅಪಾಯ ಇದೆ ಅಂತ 1925ರಲ್ಲೇ ಸಭೆಯಲ್ಲಿ ಕೂಗಿ ಹೇಳಿದವರಿದ್ರು, ಹಾಗಾಗಿ ಆಗ ಯಾರಿಗೂ ಗೊತ್ತೇ ಇರಲಿಲ್ಲ ಅನ್ನೋ ಸಬೂಬು ಇಲ್ಲಿ ನಡಿಯಲ್ಲ. ನೀವು ಇವತ್ತು ಯಾವುದೋ ಹೊಸ ರಾಸಾಯನಿಕದ ಬಗ್ಗೆ, ಹೊಸ ಟೆಕ್ನಾಲಜಿ ಬಗ್ಗೆ ಕರಡು ಬರೀತಿದ್ರೆ, ಅದರಲ್ಲಿ "ಹೆಚ್ಚಿನ ಅಧ್ಯಯನ ಅಗತ್ಯ" ಅನ್ನೋ ಸಾಲು ಇದ್ರೆ, ಯಾರು ಮಾಡ್ತಾರೆ, ಯಾರ ದುಡ್ಡು, ಯಾವ ತಾರೀಖಿನೊಳಗೆ ಅಂತ ಆ ಸಾಲಿನ ಪಕ್ಕದಲ್ಲೇ ಬರೆಯೋಕೆ ಈ ಗ್ಯಾಪ್ ಕಲಿಸತ್ತೆ.

ಪಟ್ಟಿ ಮಾಡದೇ ಹೋದ್ರೆ ಏನಾಗತ್ತೆ ಅನ್ನೋದಕ್ಕೆ 1979 ನೋಡಿ. ಕ್ಯೂಬಾದಲ್ಲಿ ಸುಮಾರು 2,600 ಸೋವಿಯತ್ ಸೈನಿಕರ ತುಕಡಿ ಇದೆ ಅಂತ ಆ ಆಗಸ್ಟಲ್ಲಿ ಅಮೆರಿಕದಲ್ಲಿ ದೊಡ್ಡ ಗಲಾಟೆ ಎದ್ದಿತು, ಹೊಸದಾಗಿ ಬಂದ್ಬಿಟ್ಟಿದ್ದಾರೆ ಅನ್ನೋ ಹಾಗೆ ಸೆನೆಟರ್‌ಗಳು ಮಾತಾಡಿದ್ರು, ಜೂನಲ್ಲಷ್ಟೇ ಸಹಿ ಆಗಿದ್ದ ಎರಡನೇ ಸಾಲ್ಟ್ ಶಸ್ತ್ರಾಸ್ತ್ರ ಒಪ್ಪಂದಕ್ಕೆ ಅದರಿಂದ ಒಳ್ಳೇ ಏಟು ಬಿತ್ತು. ಆಮೇಲೆ ಹಳೇ ಕಡತ ಕೆದಕಿದ್ರೆ ಆ ತುಕಡಿ 1962ರಿಂದ ಅಲ್ಲೇ ಇತ್ತು! ಕೆನಡಿ ಸರ್ಕಾರಕ್ಕೆ ಅದು ಗೊತ್ತೂ ಇತ್ತು. 17 ವರ್ಷದಲ್ಲಿ ಆ ನೆನಪು ಅಷ್ಟು ದೊಡ್ಡ ವ್ಯವಸ್ಥೆಯೊಳಗೆ ಕಳೆದೇ ಹೋಗಿತ್ತು.

ಹಂತ 2: ಮೂರು ಕಾಲಂ ಹಾಕಿ

ಗೊತ್ತಿರೋದು, ಗೊತ್ತಿಲ್ಲದ್ದು, ಅಂದ್ಕೊಂಡಿರೋದು. ಇಷ್ಟೇ. ಮೂರನೇ ಕಾಲಂನಲ್ಲೇ ಮಜಾ ಇರೋದು, ಯಾಕಂದ್ರೆ ಅದನ್ನ ತುಂಬಿಸೋಕೆ ಕೂತಾಗ ಮೊದಲ ಕಾಲಂನಲ್ಲಿದ್ದ ಎಷ್ಟೋ ಸಾಲು ಇಲ್ಲಿಗೆ ಜಾರಿ ಬರತ್ತೆ. ಫೋರ್ಟ್ ಡಿಕ್ಸ್ ಕೇಸಲ್ಲೇ ತುಂಬ್ಸಿ ನೋಡಿ. ಗೊತ್ತಿದ್ದದ್ದು: ಒಂದು ಸಾವು, ಶಿಬಿರದಲ್ಲಿ ಒಬ್ಬರಿಂದ ಒಬ್ಬರಿಗೆ ಹರಡಿದೆ. ಗೊತ್ತಿಲ್ಲದ್ದು: ಹೊರಗೆ ಹರಡತ್ತಾ, ಹರಡಿದ್ರೆ ಎಷ್ಟು ತೀವ್ರ. ಅಂದ್ಕೊಂಡಿದ್ದು: ಇದು 1918ರ ಥರನೇ ಇರತ್ತೆ, ಲಸಿಕೆಯಿಂದ ಹೇಳಿಕೊಳ್ಳೋ ಅಂಥ ತೊಂದ್ರೆ ಆಗಲ್ಲ, ಜನ ಸಾಲಲ್ಲಿ ನಿಂತು ಹಾಕಿಸ್ಕೊಳ್ತಾರೆ. ಟಿವಿ ಮುಂದೆ ಘೋಷಣೆ ಮಾಡೋ ಹೊತ್ತಿಗೆ ಈ ಮೂರೂ ಒಂದೇ ಸಾಲಾಗಿ ಕಲಸಿ ಹೋಗಿತ್ತು.

ಹಂತ 3: ಹಿಂದೆ ಯಾರು ಟ್ರೈ ಮಾಡಿದ್ರು ಅಂತ ಹುಡುಕಿ, ಅದರಲ್ಲೂ ಬಿದ್ದವರನ್ನ

ಇದಕ್ಕೇ ಜಾಸ್ತಿ ಟೈಮ್ ಬೇಕು. ಎಲ್ಲಿ ಹುಡುಕ್ಬೇಕು ಅಂದ್ರೆ, ಹಳೇ ಸಮಿತಿ ವರದಿಗಳು, ಶಾಸನಸಭೆ ಚರ್ಚೆಗಳ ನಡಾವಳಿ, ಆಡಿಟ್ ವರದಿಗಳು, ಗೆಜೆಟ್, ಕೋರ್ಟ್ ತೀರ್ಪುಗಳು, ಹಳೇ ಪೇಪರ್. ಇದರಲ್ಲಿ ನನಗೆ ತುಂಬ ಇಷ್ಟ ಆಡಿಟ್ ವರದಿ, ಯಾಕಂದ್ರೆ ಯೋಜನೆ ಶುರು ಮಾಡಿದೋರು ಬರೆದ ವರದಿಲಿ ಎಲ್ಲ ಸಕ್ಸಸ್ಸೇ ಇರತ್ತೆ, ಎರಡು ವರ್ಷ ಬಿಟ್ಟು ಆಡಿಟರ್ ಬಂದು ಬರೆದದ್ದರಲ್ಲಿ ಬೀಗ ಹಾಕಿರೋ ಗೋಡೌನ್ ಕಾಣಿಸತ್ತೆ. ವರದಿ ಕೈಗೆ ಸಿಕ್ಕರೆ ಶಿಫಾರಸು ಓದೋ ಮುಂಚೆ ಭಿನ್ನಾಭಿಪ್ರಾಯದ ಟಿಪ್ಪಣಿ ಇದ್ಯಾ ಅಂತ ಹಿಂದಿನ ಪುಟಗಳಲ್ಲಿ ನೋಡಿ. ಆಗ ಸೋತ ವಾದ ಅಲ್ಲಿ ಕೂತಿರತ್ತೆ, ಮೂವತ್ತು ವರ್ಷ ಆದ್ಮೇಲೆ ಎಷ್ಟೋ ಸಲ ಅದೇ ಸರಿ ಅಂತ ಅನ್ಸತ್ತೆ.

ನಿವೃತ್ತರಾದವರನ್ನ ಮಾತಾಡ್ಸಿ, ಇದನ್ನ ಯಾರೂ ಮಾಡಲ್ಲ. ನಾನೊಂದ್ಸಲ ಒಂದು ಪ್ರಸ್ತಾವನೆಗೆ ಹದಿನೈದು ದಿನ ಕಷ್ಟಪಟ್ಟು ನೋಟ್ ಬರೆದು, ಭಾರೀ ಹೊಸ ಐಡಿಯಾ ಅಂತ ಬೀಗ್ತಾ ತಗೊಂಡು ಹೋದ್ರೆ, ಆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ರು ಮೊದಲ ಪುಟ ನೋಡಿ ನಕ್ಕು "ಇದು ಮೂರನೇ ಸಲ ಬರ್ತಿರೋದು" ಅಂದ್ರು. ಮೊದಲನೇ ಸಲ ಯಾಕೆ ಬಿತ್ತು ಎರಡನೇ ಸಲ ಯಾಕೆ ಬಿತ್ತು ಅಂತ ಅರ್ಧ ಗಂಟೇಲಿ ಹೇಳಿದ್ರು, ಅದರಲ್ಲಿ ಒಂದಕ್ಷರನೂ ಕಡತದಲ್ಲಿ ಇರಲಿಲ್ಲ. ಒಂದು ಎಚ್ಚರ: ಮನುಷ್ಯರ ನೆನಪು ತಮ್ಮ ಪರವಾಗೇ ವಾಲುತ್ತೆ, ಹಾಗಾಗಿ "ಆಗ ನಿಮಗೇನು ಅನ್ಸಿತ್ತು" ಅಂತ ಕೇಳೋದರ ಬದ್ಲು "ಆ ಪತ್ರ ಯಾರಿಗೆ ಹೋಯ್ತು, ಉತ್ತರ ಯಾವಾಗ ಬಂತು" ಅಂತ ಕೇಳಿ.

ಇಲ್ಲೇ ಇನ್ನೊಂದು ಮಾತು. ನಿಮಗೆ ಅಡ್ಡ ಬರ್ತಿರೋ ಹಳೇ ನಿಯಮ ಪೂರ್ತಿ ಮೂರ್ಖತನ ಅಂತ ಅನ್ಸಿದ್ರೆ, ಅದನ್ನ ತೆಗೀರಿ ಅಂತ ಬರೆಯೋ ಮುಂಚೆ ಯಾಕೆ ಬಂತು ಅಂತ ಹುಡುಕಿ. ಕಾರಣ ಸಿಕ್ಕಿ, ಆ ಕಾರಣ ಈಗ ಇಲ್ಲ ಅಂತ ತೋರಿಸೋಕಾದ್ರೆ ನಿಮ್ಮ ವಾದಕ್ಕೇ ಬಲ. ಕಾರಣನೇ ಸಿಗಲಿಲ್ಲ ಅಂದ್ರೆ ನೀವಿನ್ನೂ ಹುಡುಕಿಲ್ಲ ಅಂತ ಅರ್ಥ.

ಹಂತ 4: ಕಥೆ ನಿಜನಾ ಅಂತ ನೋಡಿ

ಪಾಲಿಸಿ ಪ್ರಪಂಚದಲ್ಲಿ ಓಡಾಡೋ ಎಷ್ಟೋ "ಐತಿಹಾಸಿಕ ಉದಾಹರಣೆ"ಗಳಿಗೆ ಬುಡ ಇಲ್ಲ. ಬ್ರಿಟಿಷರ ಕಾಲದ ದೆಹಲೀಲಿ ನಾಗರಹಾವು ಕೊಂದು ತಂದ್ರೆ ಬಹುಮಾನ ಅಂದ್ರು, ಜನ ಹಾವು ಸಾಕೋಕೆ ಶುರು ಮಾಡಿದ್ರು ಅನ್ನೋ ಕಥೆ ನೀವೂ ಕೇಳಿರ್ತೀರ. ಭಾಷಣಕ್ಕೆ ಸಕತ್ತಾಗಿದೆ, ಆದ್ರೆ ಅದಕ್ಕೆ ಗಟ್ಟಿ ದಾಖಲೆ ಇಲ್ಲ. ಅದೇ ಪಾಠ ಬೇಕಿದ್ರೆ ದಾಖಲೆ ಇರೋದೇ ಒಂದಿದೆ, ಫ್ರೆಂಚರ ಆಳ್ವಿಕೇಲಿದ್ದ ವಿಯೆಟ್ನಾಂನ ಹನೋಯ್ ನಗರ, 1902. ಫ್ರೆಂಚರು ಆಧುನಿಕ ಒಳಚರಂಡಿ ಕಟ್ಟಿಸಿದ್ರು, ಅದರೊಳಗೆ ಇಲಿಗಳು ಸಂಸಾರ ಹೂಡಿದ್ವು, ಪ್ಲೇಗಿನ ಭಯ. ಇಲಿ ಹೊಡೆದು ಬಾಲ ತಂದುಕೊಟ್ರೆ ದುಡ್ಡು ಅಂದ್ರು, ರಾಶಿ ರಾಶಿ ಹೆಣ ತಂದು ಕಚೇರಿ ಮುಂದೆ ಸುರಿಯೋದು ಬೇಡ ಅಂತ ಬಾಲ ಮಾತ್ರ. ಲೆಕ್ಕದ ಪುಸ್ತಕದಲ್ಲಿ ಬಾಲಗಳ ಸಂಖ್ಯೆ ಏರ್ತಾನೇ ಹೋಯ್ತು, ಅಧಿಕಾರಿಗಳು ಖುಷಿ, ಆಮೇಲೆ ನೋಡಿದ್ರೆ ಊರಲ್ಲಿ ಬಾಲ ಇಲ್ಲದ ಇಲಿಗಳು ಓಡಾಡ್ತಿವೆ. ಬಾಲ ಕತ್ತರಿಸಿ ಬಿಟ್ರೆ ಅದು ಮರಿ ಹಾಕತ್ತೆ, ಮರಿಗೂ ಬಾಲ ಇರತ್ತೆ ಅಲ್ವಾ. ಊರಾಚೆ ಇಲಿ ಸಾಕೋ ತಾಣಗಳೂ ಸಿಕ್ಕಿದ್ವು.

ನೋಡಿ, ಈ ನಿಜವಾದ ಕಥೇಲಿ ನಾಗರಹಾವಿನ ಕಥೇಲಿ ಇಲ್ಲದ ಒಂದು ಎಳೆ ಇದೆ, ಆ ಕಚೇರಿ ಮುಂದಿನ ರಾಶಿ. ತಪ್ಪು ಆಗಿದ್ದು ಬಹುಮಾನ ಕೊಟ್ಟದ್ದರಿಂದ ಅನ್ನೋದಕ್ಕಿಂತ, ಅಳೆಯೋಕೆ ಸುಲಭ ಆಗ್ಲಿ ಅಂತ ಇಡೀ ಇಲಿ ಬಿಟ್ಟು ಬಾಲ ಎಣಿಸಿದ್ದರಿಂದ. ಇವತ್ತು ಡ್ಯಾಶ್‌ಬೋರ್ಡಲ್ಲಿ ಯಾವ "ಬಾಲ" ಎಣಿಸ್ತಿದೀವಿ ಅಂತ ಕೇಳ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಪ್ರಶ್ನೆ ಸಿಗಲ್ಲ. ಕಥೆ ಪರೀಕ್ಷೆ ಮಾಡಿದ್ರೆ ಸುಳ್ಳು ಕಳಚೋದು ಒಂದು ಲಾಭ, ಹೀಗೆ ವಿವರ ಸಿಗೋದು ಅದಕ್ಕಿಂತ ದೊಡ್ಡ ಲಾಭ.

ಹಂತ 5: ಹೋಲಿಕೆಯನ್ನ ಬೆಳಕಿಗೆ ತನ್ನಿ

ಇಲ್ಲಿಗೆ ಬಂದ್ಮೇಲೆ ಮಾತ್ರ "ಇದು ಅದರ ಥರ" ಅನ್ನೋ ಮಾತಿಗೆ ಅವಕಾಶ. ಬಹಳಷ್ಟು ಜನ ಶುರು ಮಾಡೋದೇ ಇಲ್ಲಿಂದ, ಹಗ್ಗ ನೋಡಿ ಹಾವು ಅಂತ ಕೂಗೋದು ಅಲ್ಲಿಂದಾನೇ. ಹೋಲಿಕೆ ಬರೋದನ್ನ ತಡೆಯೋಕಾಗಲ್ಲ, ತಲೆ ಕೆಲಸ ಮಾಡೋದೇ ಹಾಗೆ, ಆದ್ರೆ ಅದನ್ನ ಹಾಳೆ ಮೇಲೆ ಇಳಿಸಬಹುದು. ಗೆರೆ ಎಳೀರಿ, ಎಡಕ್ಕೆ ಯಾವ್ಯಾವ ರೀತೀಲಿ ಹೋಲತ್ತೆ, ಬಲಕ್ಕೆ ಯಾವ್ಯಾವ ರೀತೀಲಿ ಹೋಲಲ್ಲ. ಬಲಗಡೆ ಮೂರು ಸಾಲಿಗಿಂತ ಕಮ್ಮಿ ಬಂದ್ರೆ ನೀವು ಆ ಹೋಲಿಕೆನ ಪ್ರೀತಿಸ್ತಿದ್ದೀರ, ಎದ್ದು ಒಂದು ರೌಂಡ್ ಓಡಾಡ್ಕೊಂಡು ಬನ್ನಿ.

1950ರ ಜೂನ್ 25, ಕೊರಿಯಾ ಯುದ್ಧ ಶುರುವಾದ ಸುದ್ದಿ ಸಿಕ್ಕಿ ಅಧ್ಯಕ್ಷ ಟ್ರೂಮನ್ ತಮ್ಮ ಊರಿಂದ ವಾಷಿಂಗ್ಟನ್‌ಗೆ ವಿಮಾನದಲ್ಲಿ ಬರ್ತಾ 1930ರ ದಶಕದ ಮಂಚೂರಿಯಾ, ಇಥಿಯೋಪಿಯಾ, ಆಸ್ಟ್ರಿಯಾ ನೆನಪು ಮಾಡ್ಕೊಂಡ್ರು. ಮೂರರಲ್ಲೂ ಆಕ್ರಮಣಕಾರನನ್ನ ತಡೀಲಿಲ್ಲ, ಕೊನೆಗೆ ಮಹಾಯುದ್ಧ ಆಯ್ತು, ಹಾಗಾಗಿ ಈಗ ತಡೀಬೇಕು. ತಡೆಯೋ ತೀರ್ಮಾನಕ್ಕೆ ಆ ಹೋಲಿಕೆ ಸರಿಯಾಗೇ ದಾರಿ ತೋರಿಸ್ತು ಅಂತ ಇಟ್ಕೊಳ್ಳೋಣ, ಆದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ 1930ರ ದಶಕ ಹೇಳಲ್ಲ, ಯಾಕಂದ್ರೆ ಆಗ ಯಾರೂ ಶುರುನೇ ಮಾಡಿರಲಿಲ್ಲವಲ್ಲ! ಅಕ್ಟೋಬರಲ್ಲಿ ಅಮೆರಿಕದ ಪಡೆ ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ನುಗ್ತು, ಚೀನಾ ಯುದ್ಧಕ್ಕಿಳೀತು, ಇನ್ನೂ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಹೊಡೆದಾಟ. 1956ರಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆ ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್ ಪ್ರಧಾನಿ ಈಡನ್‌ಗೂ ನಾಸೆರ್ ಅವರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿನೇ ಕಂಡಿದ್ದು, ಸೇನೆ ಕಳ್ಸಿ ಕೊನೆಗೆ ಮುಖಭಂಗ ಆಗಿ ವಾಪಸ್ ಬರ್ಬೇಕಾಯ್ತು.

ಪ್ರಾಕ್ಟಿಕಲ್ ಆಗಿ ಹೇಳೋದಾದ್ರೆ ಒಂದು ಹೋಲಿಕೆ ಸಾಲದು, ಕನಿಷ್ಠ ಮೂರು ಇಟ್ಕೊಳ್ಳಿ, ಅದರಲ್ಲಿ ಒಂದು ನಿಮ್ಮ ಪ್ರಸ್ತಾವನೆಗೆ ವಿರುದ್ಧವಾಗಿರೋದು ಇರ್ಲೇಬೇಕು. ಪಟ್ಟಿ ಹಾಕಿದ ಮಾತ್ರಕ್ಕೆ ಬಚಾವಾಗಲ್ಲ ಅನ್ನೋದೂ ನಿಜ: 1965ರ ಜೂನ್ ಕೊನೇಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅಮೆರಿಕದ ಅಧ್ಯಕ್ಷ ಜಾನ್ಸನ್‌ಗೆ 1954ರಲ್ಲಿ ಸೋತ ಫ್ರೆಂಚರ ವಿಯೆಟ್ನಾಂಗೂ ಈಗಿನ ನಮ್ಮ ವಿಯೆಟ್ನಾಂಗೂ ಹೋಲಿಕೆ ಇದ್ಯಾ ಅಂತ ಅಚ್ಚುಕಟ್ಟಾದ ಟಿಪ್ಪಣಿನೇ ಕೊಟ್ಟಿದ್ರು. ಹೋಲಿಕೆ ಅಷ್ಟಾಗಿ ಇಲ್ಲ ಅಂತ ತೀರ್ಮಾನ. ಬೇಕಾದ ಉತ್ತರ ಮೊದ್ಲೇ ಇಟ್ಕೊಂಡು ಗೆರೆ ಎಳೆದ್ರೆ ಹಾಳೆ ಪಾಪ ಏನು ಮಾಡತ್ತೆ.

ಹಂತ 6: ಏನಾಯ್ತು ಅನ್ನೋದಕ್ಕಿಂತ ಹೇಗಾಯ್ತು ಅನ್ನೋದನ್ನ ಬಿಡಿಸಿ

ಇತಿಹಾಸ ನೀತಿಗೆ ನಿಜವಾಗ್ಲೂ ದುಡಿಯೋದು ಇಲ್ಲಿ. 1918ರ ಫ್ಲೂನೇ ಮತ್ತೆ ನೋಡಿ, ಅದೇ ಘಟನೆ, ಆದ್ರೆ 1976ರವರು ಅದನ್ನ ಭಯಕ್ಕೆ ಬಳಸಿದ್ರು, 2007ರ ಸಂಶೋಧಕರು ಕೆಲಸಕ್ಕೆ ಬಳಸಿದ್ರು. ಅವರು ಮಾಡಿದ್ದೇನಂದ್ರೆ ಅಮೆರಿಕದ ಬೇರೆ ಬೇರೆ ಊರುಗಳು ಶಾಲೆ ಮುಚ್ಚಿದ್ದು ಯಾವಾಗ, ಸಭೆ ಸಮಾರಂಭ ನಿಲ್ಲಿಸಿದ್ದು ಯಾವಾಗ, ಎಷ್ಟು ದಿನ, ಸಾವು ಎಷ್ಟು ಅಂತ ಹಳೇ ಪೇಪರ್, ಆರೋಗ್ಯ ಇಲಾಖೆ ದಾಖಲೆ ಎಲ್ಲ ಜೋಡಿಸಿದ್ರು. ವೈದ್ಯಕೀಯ ಇತಿಹಾಸಕಾರ ಹೊವರ್ಡ್ ಮಾರ್ಕೆಲ್ ತಂಡ 43 ನಗರಗಳನ್ನ ಹೀಗೆ ನೋಡ್ತು. ಫಿಲಡೆಲ್ಫಿಯಾದಲ್ಲಿ ಕೇಸ್ ಬಂದಮೇಲೂ ಸೆಪ್ಟೆಂಬರ್ 28ಕ್ಕೆ ಯುದ್ಧಕ್ಕೆ ಜನರಿಂದ ಸಾಲ ಎತ್ತೋ ಮೆರವಣಿಗೆ ನಡೀತು, ಸುಮಾರು 2 ಲಕ್ಷ ಜನ, ಬಾಗಿಲು ಹಾಕಿದ್ದು ಅಕ್ಟೋಬರ್ 3ಕ್ಕೆ. ಕೋಟೆ ಲೂಟಿ ಆದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಸೇಂಟ್ ಲೂಯಿಸ್‌ನಲ್ಲಿ ನಾಗರಿಕರಲ್ಲಿ ಮೊದಲ ಕೇಸ್ ಅಕ್ಟೋಬರ್ 5, ಬಂದ್ ಮಾಡಿದ್ದು 7. ತುತ್ತತುದೀಲಿ ಸೇಂಟ್ ಲೂಯಿಸ್‌ನ ವಾರದ ಸಾವಿನ ಪ್ರಮಾಣ ಫಿಲಡೆಲ್ಫಿಯಾದ ಸುಮಾರು ಎಂಟನೇ ಒಂದು ಭಾಗ ಇತ್ತು. ಅದೇ ಸೇಂಟ್ ಲೂಯಿಸ್ ನವೆಂಬರಲ್ಲಿ ನಿರ್ಬಂಧ ಸಡಿಲ ಮಾಡಿದ್ಮೇಲೆ ಮತ್ತೆ ಸಾವು ಏರಿತು.

ಈಗ ಸಿಕ್ಕ ಪಾಠ "1918 ಭಯಂಕರ" ಅನ್ನೋದಲ್ಲ. ಬೇಗ ಮಾಡ್ಬೇಕು, ಒಂದೇ ಕ್ರಮ ಸಾಲಲ್ಲ ಹಲವು ಸೇರಿಸಬೇಕು, ಬೇಗ ಸಡಿಲ ಮಾಡಿದ್ರೆ ಅಲೆ ಮರಳತ್ತೆ. ಇದನ್ನ ಇನ್ನೊಂದು ರೋಗಕ್ಕೆ ಒಯ್ಯಬಹುದು, ಒಯ್ಯೋಕೆ ಆಗದ ಭಾಗ ಯಾವುದು ಅಂತಾನೂ ಹೇಳ್ಬಹುದು. ಆರ್ಥಿಕತೆಯಲ್ಲೂ ಹೀಗೇ. 1930ರಿಂದ 33ರೊಳಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕ್ ಮುಳುಗಿದ್ವು, ಮಹಾ ಕುಸಿತ ಅಷ್ಟು ಆಳಕ್ಕಿಳಿಯೋಕೆ ಬ್ಯಾಂಕ್‌ಗಳು ಬಿದ್ದು ಸಾಲದ ವ್ಯವಸ್ಥೆನೇ ನಿಂತಿದ್ದು ಮುಖ್ಯ ಕಾರಣ ಅಂತ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದ ಬೆನ್ ಬರ್ನಾಂಕಿನೇ 2008ರ ಆರ್ಥಿಕ ಬಿಕ್ಕಟ್ಟಿನ ಹೊತ್ತಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡ್‌ನ ಮುಖ್ಯಸ್ಥರಾಗಿದ್ರು. ಜನ ನೆನಪಿಟ್ಕೊಂಡಿದ್ದು ಷೇರುಪೇಟೆ ಬಿದ್ದದ್ದನ್ನ, ಅವರು ಹಿಡ್ಕೊಂಡಿದ್ದು ಬ್ಯಾಂಕಿನ ಬಾಗಿಲನ್ನ. ಹಾಗಂತ ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ, ಯಾರನ್ನ ಉಳಿಸಿದ್ರು ಯಾರ ಮನೆ ಹೋಯ್ತು ಅನ್ನೋದು ಬೇರೇನೇ ಜಗಳ.

ಹಂತ 7: ಎದುರಿಗಿರೋ ಜನರ ನೆನಪನ್ನೂ ಲೆಕ್ಕಕ್ಕೆ ತಗೊಳ್ಳಿ

ಸರ್ಕಾರಕ್ಕೆ ಒಂದು ಇತಿಹಾಸ, ಜನಕ್ಕೆ ಇನ್ನೊಂದು. 1932ರಿಂದ 1972ರವರೆಗೆ ಅಲಬಾಮದ ಟಸ್ಕೀಗಿಯಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೇ ರೋಗ ಹೇಗೆ ಬೆಳೆಯತ್ತೆ ಅಂತ ನೋಡ್ತಾ ಕೂತಿತ್ತು, ಪೆನಿಸಿಲಿನ್ ಬಂದ್ಮೇಲೂ ಕೊಡ್ಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 1997ರಲ್ಲಿ. ಅಂಥಾ ನೆನಪಿರೋ ಮನೆ ಬಾಗಿಲಿಗೆ ಆರೋಗ್ಯ ಕಾರ್ಯಕ್ರಮ ತಗೊಂಡು ಹೋಗಿ, ಅವರು ಹಿಂದೇಟು ಹಾಕಿದ್ರೆ "ಜಾಗೃತಿ ಕೊರತೆ" ಅಂತ ನೋಟಲ್ಲಿ ಬರೆದ್ರೆ ಅದು ಬರೆದವರದ್ದೇ ಜಾಗೃತಿ ಕೊರತೆ. ನಿಮ್ಮ ತಾರೀಖಿನ ಪಟ್ಟಿ ಪಕ್ಕದಲ್ಲಿ ಆ ಸಮುದಾಯದ ಪಟ್ಟಿ ಬೇರೆ ಮಾಡಿ: ಹಿಂದೆ ನಮ್ಮ ಇಲಾಖೆ ಇವರ ಹತ್ರ ಯಾವಾಗ ಹೋಗಿತ್ತು, ಏನು ಹೇಳಿತ್ತು, ಏನು ಮಾಡಿತ್ತು.

ದಾಖಲೆ ಹಳೇದು ಅಂತ ಬದಿಗೆ ಸರಿಸೋ ಚಟನೂ ಇಲ್ಲೇ ಸೇರಿಸ್ತೀನಿ. 869ರಲ್ಲಿ ಜಪಾನಿನ ಈಶಾನ್ಯ ಕರಾವಳಿಗೆ ದೊಡ್ಡ ಸುನಾಮಿ ಬಂದು ಸುಮಾರು ಸಾವಿರ ಜನ ಮುಳುಗಿದ್ರು ಅಂತ ಅರಮನೆಯ ಚರಿತ್ರೇಲಿ ಬರೆದಿತ್ತು. ಇಪ್ಪತ್ತನೇ ಶತಮಾನದ ಕೊನೇಲಿ ಭೂವಿಜ್ಞಾನಿಗಳು ಸೆಂಡೈ ಬಯಲಲ್ಲಿ ಅಗೆದು ಆ ಅಲೆ ತಂದು ಹಾಕಿದ ಮರಳಿನ ಪದರನೂ ತೋರ್ಸಿದ್ರು. 2009ರಲ್ಲಿ ಫುಕುಶಿಮಾ ಅಣು ಸ್ಥಾವರದ ಸುರಕ್ಷತೆ ಬಗ್ಗೆ ಸರ್ಕಾರಿ ಸಮಿತೀಲಿ ಯುಕಿನೊಬು ಒಕಾಮುರಾ ಅನ್ನೋ ಭೂವಿಜ್ಞಾನಿ ಇದನ್ನೇ ಎತ್ತಿದ್ರು. ಸ್ಥಾವರದ ಲೆಕ್ಕಾಚಾರ 5.7 ಮೀಟರ್ ಅಲೆಗೆ. 2011ರ ಮಾರ್ಚ್ 11ಕ್ಕೆ ಬಂದದ್ದು ಸುಮಾರು 14 ಮೀಟರ್. ಅದೇ ಕರಾವಳೀಲಿ ಉತ್ತರಕ್ಕೆ ಅನೆಯೋಷಿ ಅನ್ನೋ ಚಿಕ್ಕ ಹಳ್ಳಿ ಇದೆ, 1933ರ ಸುನಾಮಿ ಆದ್ಮೇಲೆ ಇಲ್ಲಿಂದ ಕೆಳಗೆ ಮನೆ ಕಟ್ಬೇಡಿ ಅಂತ ಕಲ್ಲು ನೆಟ್ಟಿದ್ರು, ಹಳ್ಳಿಯವರು ಆ ಮಾತು ಮೀರಲಿಲ್ಲ, 2011ರ ನೀರು ಕಲ್ಲಿನ ಕೆಳಗೇ ನಿಲ್ತು. ಕಲ್ಲು ಬೇರೆ ಊರುಗಳಲ್ಲೂ ಇದ್ವು. ವ್ಯತ್ಯಾಸ ಏನಂದ್ರೆ ಇಲ್ಲಿ ಕಲ್ಲಿನ ಮೇಲಿದ್ದದ್ದು ಮನೆ ಎಲ್ಲಿ ಕಟ್ಬೇಕು ಅನ್ನೋ ನಿಯಮ, ಸುಮ್ನೆ ಸ್ಮಾರಕ ಅಲ್ಲ.

ನಿಯಮ ಬರೆದಿಟ್ರೂ ಯಾರು ಗುಂಡಿ ಒತ್ತಬೇಕು ಅನ್ನೋದು ಮುಖ್ಯ. 1880ರ ಬರಗಾಲ ಆಯೋಗದ ನಂತರ ಬ್ರಿಟಿಷ್ ಇಂಡಿಯಾದಲ್ಲಿ ಕ್ಷಾಮ ಸಂಹಿತೆಗಳು ಬಂದ್ವು, ಯಾವ ಲಕ್ಷಣ ಕಂಡ್ರೆ ಏನು ಮಾಡ್ಬೇಕು ಅಂತ ಚೆನ್ನಾಗೇ ಬರೆದಿತ್ತು. 1943ರ ಬಂಗಾಳದಲ್ಲಿ ಅದನ್ನ ಜಾರಿಗೇ ತರಲಿಲ್ಲ, ಕ್ಷಾಮ ಅಂತ ಘೋಷಿಸಿದ್ರೆ ಸಂಹಿತೆ ಹೇಳಿದಷ್ಟು ಧಾನ್ಯ ಕೊಡ್ಬೇಕಾಗತ್ತೆ, ಅಷ್ಟು ಇಲ್ಲ ಅನ್ನೋದು ಒಂದು ಕಾರಣ. ಸತ್ತವರು ಸರ್ಕಾರನೇ ತನಿಖೆಗೆ ನೇಮಿಸಿದ್ದ ವುಡ್‌ಹೆಡ್ ಆಯೋಗದ ಲೆಕ್ಕದಲ್ಲೇ ಸುಮಾರು 15 ಲಕ್ಷ, ಬೇರೆ ಅಂದಾಜುಗಳಲ್ಲಿ 30 ಲಕ್ಷದವರೆಗೂ ಹೋಗತ್ತೆ. ಖರ್ಚು ಹೊರಬೇಕಾದವನ ಕೈಗೇ ಘೋಷಣೆ ಮಾಡೋ ಅಧಿಕಾರ ಕೊಟ್ಟಿರೋ ಯಾವ ಕರಡು ಕಂಡ್ರೂ ಇದನ್ನ ನೆನಪಿಸ್ಕೊಳ್ಳಿ.

ಹಂತ 8: ಏನು ಗೊತ್ತಾದ್ರೆ ಮನಸ್ಸು ಬದಲಾಯಿಸ್ತೀರ ಅಂತ ಬರೆದಿಡಿ

1976ರ ಮಾರ್ಚಲ್ಲಿ ಆ ಲಸಿಕೆ ಚರ್ಚೇಲಿ ರಸೆಲ್ ಅಲೆಕ್ಸಾಂಡರ್ ಅನ್ನೋ ಸಾರ್ವಜನಿಕ ಆರೋಗ್ಯ ಪ್ರೊಫೆಸರ್ ಒಂದು ಪ್ರಶ್ನೆ ಕೇಳಿದ್ರು, ಲಸಿಕೆ ತಯಾರು ಮಾಡಿ ದಾಸ್ತಾನು ಇಟ್ಕೊಂಡು ಕಾಯೋಣ ಅನ್ನೋ ಕಡೆಗೆ ವಾಲೋಕೆ ನಿಮಗೆ ಯಾವ ಮಾಹಿತಿ ಸಿಕ್ಬೇಕು ಅಂತ. ಯಾರೂ ಅದನ್ನ ಗಂಭೀರವಾಗಿ ತಗೊಳ್ಳಲಿಲ್ಲ. ಜೂನ್, ಜುಲೈ, ಆಗಸ್ಟ್ ಎಲ್ಲ ಹೋಯ್ತು, ಎಲ್ಲೂ ಹೊಸ ಹರಡುವಿಕೆ ಇಲ್ಲ, ಆದ್ರೂ ಗಾಡಿ ನಿಲ್ಲಿಸೋಕೆ ಒಂದು ನಿಲ್ದಾಣನೇ ಗೊತ್ತು ಮಾಡಿರಲಿಲ್ಲ. ನಿಮ್ಮ ನೋಟಲ್ಲಿ ಇದಕ್ಕೆ ಎರಡು ಸಾಲು ಸಾಕು: ಇಷ್ಟು ತಿಂಗಳಲ್ಲಿ ಇಂಥದ್ದು ಕಾಣಿಸದಿದ್ರೆ ಈ ಕ್ರಮ ನಿಲ್ಲಿಸ್ತೀವಿ, ಇಂಥದ್ದು ಕಂಡ್ರೆ ಹೆಚ್ಚಿಸ್ತೀವಿ.

ಹಂತ 9: ಬರೆಯೋದು

ಇಷ್ಟೆಲ್ಲ ಓದಿ ಕೊನೆಗೆ "ಪ್ರಾಚೀನ ಕಾಲದಿಂದಲೂ ನೀರು ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ" ಅಂತ ಶುರು ಮಾಡಿದ್ರೆ ಓದೋರು ನೇರ ಎರಡನೇ ಪುಟಕ್ಕೆ ಹಾರ್ತಾರೆ, ಹಾರಲೂಬೇಕು. ಹಿನ್ನೆಲೆ ಅಂತ ಪ್ರತ್ಯೇಕ ಅಧ್ಯಾಯ ಬೇಡ್ವೇ ಬೇಡ. ಪ್ರತಿ ಆಯ್ಕೆ ಪಕ್ಕದಲ್ಲೇ ಅದರ ಹಿಂದಿನ ಕಥೆನ ಎರಡು ಮೂರು ಸಾಲಲ್ಲಿ ಇಡಿ: ಹಿಂದೆ ಯಾವಾಗ ಮಾಡಿದ್ರು, ಹೇಗೆ ಮುಗೀತು, ಈಗ ಬೇರೆ ಆಗಿರೋದು ಏನು. ಹೋಲಿಕೆ ಬಳಸಿದ್ರೆ ಹೋಲದ ಅಂಶನ ಅದೇ ವಾಕ್ಯದಲ್ಲಿ ಹೇಳ್ಬಿಡಿ, ಕೆಳಗೆ ಟಿಪ್ಪಣೀಲಿ ಬಚ್ಚಿಡ್ಬೇಡಿ. ಒಟ್ಟು ಒಂದು ಪುಟ, ಜಾಸ್ತಿ ಅಂದ್ರೆ ಒಂದೂವರೆ. ತಾರೀಖಿನ ಪಟ್ಟಿ ಅನುಬಂಧಕ್ಕೆ.

ಹಂತ 10: ನಿಮ್ಮ ಕಡತನ ಮುಂದಿನವರಿಗೆ ಬಿಟ್ಟು ಹೋಗಿ

ತೀರ್ಮಾನ ಆದ ವಾರದೊಳಗೇ ಇನ್ನೊಂದು ಹಾಳೆ ಬರೆದು ಫೈಲಿಗೆ ಸೇರಿಸಿ, ತಡ ಮಾಡಿದ್ರೆ ನಿಮ್ಮ ನೆನಪೂ ನಿಮ್ಮ ಪರ ವಾಲೋಕೆ ಶುರುವಾಗತ್ತೆ. ಯಾವ ಯಾವ ಆಯ್ಕೆ ಕೈಬಿಟ್ವಿ, ಯಾಕೆ, ದುಡ್ಡಿಲ್ಲ ಅಂತಾನಾ, ಕಾನೂನು ಅಡ್ಡ ಬಂತಾ, ಅಥವಾ ಯಾರಿಗೂ ಜಗಳ ಬೇಡವಾಗಿತ್ತಾ, ಅದನ್ನೂ ಇದ್ದ ಹಾಗೇ. ಯಾರು ಒಪ್ಪಲಿಲ್ಲ, ಅವರ ವಾದ ಏನು ಅನ್ನೋದನ್ನ ಅವರು ಓದಿದ್ರೂ ತಲೆಯಾಡಿಸೋ ಥರ ಬರೀರಿ. ಯಾವ ಅಂಕಿ ಎಲ್ಲಿಂದ ತಂದ್ರಿ, ಹಂತ 2ರ ಮೂರನೇ ಕಾಲಂನಲ್ಲಿ ಏನೇನಿತ್ತು, ಅದರ ಒಂದು ಕಾಪಿ. ಮೇಲ್ಗಡೆ ಬಲಗಡೆ ಮೂಲೇಲಿ ತಾರೀಖು ಹಾಕೋದು ಮಾತ್ರ ಮರೀಬೇಡಿ, ನನಗೆ ಇಲ್ಲೀವರೆಗೆ ಸಿಕ್ಕಿರೋ ಒಳ್ಳೊಳ್ಳೇ ಟಿಪ್ಪಣಿಗಳಲ್ಲಿ ಅರ್ಧಕ್ಕರ್ಧ ಯಾವ ವರ್ಷದ್ದು ಅಂತಾನೇ ಗೊತ್ತಾಗಿಲ್ಲ.